ಅಪ್‌ಡೇಟ್: ಹುಲ್ಲು ಹೋಯಿತು, ಹರಿವೆ ಬಂತು

ಓರ್ಲಾಂಡೊದ ನಮ್ಮ ಮನೆಯ ಮುಂದಿನ ಹುಲ್ಲುಹಾಸನ್ನು ತೆಗೆದು ಬೀದಿಯವರೆಲ್ಲ ಸೇರಿ ತರಕಾರಿ ಬೆಳೆದರೆ ನಗರಾಡಳಿತ ದಂಡ ವಿಧಿಸುತ್ತದೆಯೇ ಎಂದು ಕೇಳಿದ್ದೆ. ಇಲ್ಲ. ಸ್ಥಳೀಯ ಆಡಳಿತಗಳು ಮನೆಯಂಗಳದ ತರಕಾರಿ ತೋಟವನ್ನು ನಿಷೇಧಿಸುವಂತಿಲ್ಲ ಎಂದು ಫ್ಲೋರಿಡಾ 2019ರಲ್ಲೇ ಕಾನೂನು ಮಾಡಿದೆ. ಮನೆಮಾಲೀಕರ ಸಂಘಗಳ ನಿಯಮಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ನಮ್ಮ ಬೀದಿಗೆ ಅಂಥ ಸಂಘವಿಲ್ಲದ್ದು ಪುಣ್ಯ.

ಕಷ್ಟ ಕೊಟ್ಟದ್ದು ಮಣ್ಣು. ಹುಲ್ಲಿನ ಬೇರಿನ ಕೆಳಗೆ ಬರೀ ಬೂದುಬಣ್ಣದ ಮರಳು. ಹಾಕಿದ ನೀರು ಕಣ್ಣೆದುರೇ ಇಂಗಿಹೋಗುತ್ತಿತ್ತು. ನಿಮ್ಮಲ್ಲೊಬ್ಬರು ಹೇಳಿದಂತೆ ರಟ್ಟು ಹಾಸಿ, ಮೇಲೆ ಗೇಣೆತ್ತರ ಕಾಂಪೋಸ್ಟ್ ಹರಡಿ, ಒಣ ಎಲೆ ಹೊದಿಸಿದ ಮೇಲೆ ತೇವ ನಿಂತಿತು. ಬೇಸಿಗೆಯ ಸೆಕೆಗೆ ಲೆಟಿಸ್ ಸೊರಗಿತು. ಹರಿವೆ, ಬೆಂಡೆ ಹುಲುಸಾಗಿ ಬಂದವು. ನಿನ್ನೆ ಎದುರುಮನೆಯ ಅಜ್ಜಿ ಒಂದು ಕಟ್ಟು ಹರಿವೆ ಒಯ್ದರು. ಅಕ್ಟೋಬರಿನಲ್ಲಿ ತಮ್ಮ ಅಂಗಳವನ್ನೂ ಅಗೆಯೋಣ ಎಂದಿದ್ದಾರೆ.