ಸಹಾಯ ಬೇಕು: ಕೊನೆ ಪುಟದಲ್ಲಿ ಸೇರುವ ಫೀ ಬಗ್ಗೆ ದೂರು ಕೊಡಬಹುದಾ?

ಆ್ಯಪ್ ಒಂದರಲ್ಲಿ ಬಸ್ ಟಿಕೆಟ್ ಬುಕ್ ಮಾಡಿದೆ. ಸೀಟು ಆರಿಸುವಾಗ ಒಂದು ದರ. ಹೆಸರು, ವಯಸ್ಸು ಎಲ್ಲಾ ತುಂಬಿ ಹಣ ಕಟ್ಟುವ ಪುಟಕ್ಕೆ ಬಂದರೆ ಕನ್ವೀನಿಯನ್ಸ್ ಫೀ ಸೇರಿಕೊಂಡಿತ್ತು. ನಾನು ಕೇಳದ ಇನ್ಶೂರೆನ್ಸ್‌ಗೂ ಟಿಕ್ ಬಿದ್ದಿತ್ತು! ಟಿಕ್ ತೆಗೆದೆ, ಫೀ ತೆಗೆಯಲು ದಾರಿಯೇ ಇಲ್ಲ. ಹೋಗಲೇಬೇಕಿತ್ತು, ಕಟ್ಟಿದೆ. ಇದು ಅನ್ಯಾಯ ಅಲ್ವಾ?

ಕಸ್ಟಮರ್ ಕೇರ್‌ಗೆ ಬರೆದರೆ, ‘ಹಣ ಕಟ್ಟುವ ಮೊದಲೇ ತೋರಿಸಿದ್ದೇವೆ’ ಅಂತ ಉತ್ತರ. ಡಾರ್ಕ್ ಪ್ಯಾಟರ್ನ್ ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಆ್ಯಪ್, ವೆಬ್‌ಸೈಟ್ ತಂತ್ರಗಳು. ಅವುಗಳ ಬಗ್ಗೆ ಇರುವ 2023ರ ಸರ್ಕಾರಿ ಮಾರ್ಗಸೂಚಿ ಪ್ರಕಾರ ಬೆಲೆಯ ಒಂದು ಭಾಗವನ್ನು ಮುಚ್ಚಿಟ್ಟು ಆಮೇಲೆ ಸೇರಿಸುವುದು ‘ಡ್ರಿಪ್ ಪ್ರೈಸಿಂಗ್’, ಹಾಗೆ ಮಾಡುವಂತಿಲ್ಲ. ನನಗೆ ಗೊಂದಲ ಇಲ್ಲೇ. ಫೀ ಮೊದಲ ದರದಲ್ಲೇ ಕಾಣಬೇಕಾ, ಕೊನೆ ಪುಟದಲ್ಲಿ ತೋರಿಸಿದರೂ ನಡೆಯುತ್ತಾ? ಸ್ಕ್ರೀನ್‌ಶಾಟ್‌ಗಳಿವೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಇಂಥ ಫೀ ವಾಪಸ್ ಪಡೆದವರು ಯಾರಾದರೂ ಇದ್ದೀರಾ?