ಕುರಿನಾಯಿ ಪಂದ್ಯಕ್ಕೆ ಇಪ್ಪತ್ತು ಸಾವಿರವಾ?

ಶನಿವಾರ ರಾತ್ರಿ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದ ಜಗಳ ಇದು. ನಡುವೆ ಬಂದ ಹುಟ್ಟುಹಬ್ಬದ ಕೇಕ್, ದೇವರ ಫೋಟೋ, ತಪ್ಪಿ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲ ತೆಗೆದಿದ್ದೇನೆ.

ಮಾವ: *ಫಾರ್ವರ್ಡ್ ಆಗಿದ್ದು*
ನಿಮಗೆ ಗೊತ್ತಾ?? ಬ್ರಿಟನ್‌ನಲ್ಲಿ ಟಿವಿ ನೋಡಲು ಲೈಸೆನ್ಸ್ ಬೇಕು! ವರ್ಷಕ್ಕೆ 20,000 ರೂಪಾಯಿ! ಕಟ್ಟದಿದ್ದರೆ ಜೈಲು! ಆ ದುಡ್ಡಿನಲ್ಲಿ ಬಿಬಿಸಿ ತೋರಿಸುವುದು ಏನು? ಕುರಿ ಕಾಯುವ ನಾಯಿಗಳ ಪಂದ್ಯ! ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟ! ತೋಟಗಾರಿಕೆ! ಅಜ್ಜಿಯ ಪಿಂಗಾಣಿ ತಟ್ಟೆಗೆ ಬೆಲೆ ಕಟ್ಟುವುದು! ಎಲ್ಲರಿಗೂ ಕಳಿಸಿ!!

ಚಿಕ್ಕಮ್ಮ: ಟಿವಿ ನೋಡಿದ್ದಕ್ಕೆ ಜೈಲಾ? 😳

ಅಕ್ಕ: ಗಾಬರಿ ಬೇಡ ಚಿಕ್ಕಮ್ಮ. ನಾನು ಇಂಗ್ಲೆಂಡಿನ ರೀಡಿಂಗ್ ಊರಿನಲ್ಲೇ ಇದ್ದೇನಲ್ಲ. 2025ರ ಏಪ್ರಿಲ್‌ನಲ್ಲಿ ಲೈಸೆನ್ಸ್ 174.50 ಪೌಂಡ್ ಆಗಿತ್ತು. ಕಪ್ಪು ಬಿಳುಪು ಟಿವಿ ಇಟ್ಟುಕೊಂಡವರಿಗೆ ಆಗ 58.50. ಹೌದು, ಅವರಿಗೆ ಬೇರೆ ದರ ಇನ್ನೂ ಇದೆ. ಕಟ್ಟದೆ ಲೈವ್ ಟಿವಿ ಅಥವಾ ಬಿಬಿಸಿಯ ಆನ್‌ಲೈನ್ ಸೇವೆ ಐಪ್ಲೇಯರ್ ನೋಡಿ ಸಿಕ್ಕಿಬಿದ್ದರೆ ಕೋರ್ಟು, ಸಾವಿರ ಪೌಂಡ್‌ವರೆಗೆ ದಂಡ. ಆ ದಂಡವನ್ನೂ ಬೇಕೆಂದೇ ಕಟ್ಟದೆ ಓಡಾಡಿದರೆ ಮಾತ್ರ ಜೈಲಿನ ಮಾತು.

ಮಾವ: ಅಂದರೆ ಫಾರ್ವರ್ಡ್ ಮುಕ್ಕಾಲು ಸರಿ ಇದೆ ಎಂದಾಯಿತು 😄 ನಾನು ಕೇಳುವುದು ಇಷ್ಟೇ. ನಾಯಿ ಕುರಿ ಅಟ್ಟುವುದನ್ನು ನೋಡಲು ಯಾರಾದರೂ ದುಡ್ಡು ಕೊಡುತ್ತಾರಾ? ನೋಡುವವನು ಕೊಡಲಿ. ಎಲ್ಲರ ಜೇಬಿಗೆ ಯಾಕೆ ಕೈ?

ದೊಡ್ಡಪ್ಪ: ನಮ್ಮಲ್ಲೂ ರೇಡಿಯೋ ಲೈಸೆನ್ಸ್ ಇತ್ತು ಕಣಯ್ಯಾ. ಪೋಸ್ಟ್ ಆಫೀಸಿನಲ್ಲಿ ಕ್ಯೂ ನಿಂತು ಕಟ್ಟುತ್ತಿದ್ದೆವು. ಎಂಬತ್ತರ ದಶಕದಲ್ಲಿ ತೆಗೆದರು.

ಮಾವ: ತೆಗೆದಿದ್ದು ಒಳ್ಳೆಯದೇ ಆಯಿತಲ್ಲ.

ನಾನು: ಮಾವ, ಆ ನಾಯಿ ಪಂದ್ಯದ ಹೆಸರು ‘ಒನ್ ಮ್ಯಾನ್ ಅಂಡ್ ಹಿಸ್ ಡಾಗ್’. 1976ರಲ್ಲಿ ಬಿಬಿಸಿ 2ರಲ್ಲಿ ಶುರುವಾಯಿತು. ಕುರುಬ ಒಂದು ಕಂಬದ ಹತ್ತಿರ ನಿಂತು ಸಿಳ್ಳೆ ಹೊಡೆಯುತ್ತಾನೆ. ನಾಯಿ ದೂರದಿಂದ ಸುತ್ತು ಹಾಕಿ ಕುರಿಗಳ ಹಿಂದೆ ಬಂದು, ಅವು ಬೆದರದ ಹಾಗೆ ಎಬ್ಬಿಸಿ, ಗೇಟುಗಳ ನಡುವೆ ನೇರವಾಗಿ ತರಬೇಕು. ಕೊನೆಗೆ ಒಂದು ದೊಡ್ಡಿಗೆ ತುಂಬಬೇಕು. ಸಾಲು ಸ್ವಲ್ಪ ಸೊಟ್ಟಗಾದರೂ ಅಂಕ ಕಟ್. ಎಂಬತ್ತರ ದಶಕದ ಆರಂಭದಲ್ಲಿ ಇದನ್ನು 80 ಲಕ್ಷ ಜನ ನೋಡುತ್ತಿದ್ದರು.

ಮಾವ: 80 ಲಕ್ಷ ಜನ ನೋಡಿದರು, ಯಾಕೆಂದರೆ ಆಗ ಇದ್ದಿದ್ದೇ ಮೂರು ಚಾನೆಲ್. ನೋಡದೆ ಏನು ಮಾಡುತ್ತಾರೆ? ನಾವೂ ದೂರದರ್ಶನದಲ್ಲಿ ಕೃಷಿ ಕಾರ್ಯಕ್ರಮ ನೋಡಿಲ್ವಾ?

ತಂಗಿ: ಇದು ಒಳ್ಳೆ ಪಾಯಿಂಟ್ 😂

ಚಿಕ್ಕಪ್ಪ: ಪಾಯಿಂಟೇ. ಆದರೆ ಆ ಮೂರರಲ್ಲಿ ಒಂದು ಮಾತ್ರ ಯಾಕೆ ನಾಯಿ ತೋರಿಸಿತು?

ನಾನು: ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಸಹಿಸಿಕೊಳ್ಳಿ.

ಬಿಬಿಸಿ 2 ಶುರುವಾಗಿದ್ದು 1964ರ ಏಪ್ರಿಲ್‌ನಲ್ಲಿ. ಮೊದಲ ರಾತ್ರಿಯೇ ಲಂಡನ್‌ನಲ್ಲಿ ಕರೆಂಟ್ ಹೋಗಿ ಕಾರ್ಯಕ್ರಮ ಕೆಟ್ಟಿತು. ಅದಿರಲಿ. 1965ರಿಂದ 1969ರವರೆಗೆ ಆ ಚಾನೆಲ್‌ನ ಮುಖ್ಯಸ್ಥರಾಗಿದ್ದವರು ಡೇವಿಡ್ ಅಟೆನ್‌ಬರೋ. ಕಾಡುಪ್ರಾಣಿಗಳ ಅಟೆನ್‌ಬರೋ ಅವರೇ. 1967ರ ಜುಲೈನಲ್ಲಿ ವಿಂಬಲ್ಡನ್‌ನಿಂದ ಅವರ ಚಾನೆಲ್‌ಗೆ ಬಣ್ಣ ಬಂತು. ಬ್ರಿಟನ್‌ನಲ್ಲಿ ಬಣ್ಣ ಬಂದಿದ್ದು ಅಲ್ಲೇ ಮೊದಲು. ಈಗ ಬಣ್ಣ ಎದ್ದು ಕಾಣುವ ಕಾರ್ಯಕ್ರಮ ಬೇಕಾಯಿತು. ಒಂದು ಕಡೆ ಅವರು ಕೆನೆತ್ ಕ್ಲಾರ್ಕ್ ಎಂಬ ಕಲಾ ಇತಿಹಾಸಕಾರರನ್ನು ಹಿಡಿದು ಯೂರೋಪಿನ ಚಿತ್ರ, ಚರ್ಚು, ಶಿಲ್ಪಗಳ ಮೇಲೆ 13 ಕಂತುಗಳ ‘ಸಿವಿಲೈಸೇಷನ್’ ಮಾಡಿಸಿದರು. ಇನ್ನೊಂದು ಕಡೆ ‘ಪಾಟ್ ಬ್ಲ್ಯಾಕ್’ ಎಂಬ ಸ್ನೂಕರ್ ಕಾರ್ಯಕ್ರಮ ತಂದರು. ಒಂದು ಟೇಬಲ್, ಕೆಲವು ಕ್ಯಾಮೆರಾ, ಎರಡು ಜನ, ಬಣ್ಣಬಣ್ಣದ ಚೆಂಡು. ಖರ್ಚು ಕಡಿಮೆ. ಎರಡೂ ತೆರೆಗೆ ಬಂದಿದ್ದು 1969ರಲ್ಲೇ. ಒಂದರಲ್ಲಿ ಮೈಕಲಾಂಜೆಲೊ, ಇನ್ನೊಂದರಲ್ಲಿ ಗುಲಾಬಿ ಚೆಂಡು. ಎರಡಕ್ಕೂ ಕಾರಣ ಬಣ್ಣ, ಎರಡಕ್ಕೂ ಹೂಂ ಎಂದವರು ಒಬ್ಬರೇ.

ವೀಕ್ಷಕರು ಸ್ನೂಕರ್ ಕೊಡಿ ಎಂದು ಕೇಳಿರಲಿಲ್ಲ ಮಾವ. ಅದು ಕ್ಲಬ್ಬಿನ ಹೊಗೆಯಲ್ಲಿ ನಡೆಯುತ್ತಿದ್ದ ಆಟ. ಕೊಟ್ಟ ಮೇಲೆ ಅವರಿಗೆ ಅದು ಬೇಕಾಯಿತು. 1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಡೆನಿಸ್ ಟೇಲರ್, ಸ್ಟೀವ್ ಡೇವಿಸ್ ಅವರನ್ನು 18-17ರಿಂದ, ಕಟ್ಟಕಡೆಯ ಕಪ್ಪು ಚೆಂಡಿನಲ್ಲಿ ಸೋಲಿಸಿದರು. ಮಧ್ಯರಾತ್ರಿ ದಾಟಿತ್ತು. 1 ಕೋಟಿ 85 ಲಕ್ಷ ಜನ ಬಿಬಿಸಿ 2 ಹಾಕಿಕೊಂಡು ಎಚ್ಚರವಾಗಿದ್ದರು. ದೇಶದಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು.

ದೊಡ್ಡಪ್ಪ: ಸ್ನೂಕರ್ ನಮ್ಮದೇ ಆಟ, ಅದನ್ನೂ ಹಾಕು. ಹುಟ್ಟಿದ್ದು ಜಬಲ್ಪುರದ ಸೈನಿಕರ ಮೆಸ್‌ನಲ್ಲಿ, ನಿಯಮ ಗಟ್ಟಿಯಾಗಿದ್ದು ಊಟಿ ಕ್ಲಬ್ಬಿನಲ್ಲಿ ಎನ್ನುತ್ತಾರೆ. ಪಂಕಜ್ ಅಡ್ವಾಣಿ ಬೇರೆ ನಮ್ಮ ಬೆಂಗಳೂರಿನವರು.

ಮಾವ: ಅಣ್ಣ, ನೀವು ಯಾವ ಕಡೆ?

ದೊಡ್ಡಪ್ಪ: ಸ್ನೂಕರ್ ಕಡೆ.

ಮಾವ: ಸರಿ, ನಾನೂ ಸ್ವಲ್ಪ ಓದಿಕೊಂಡು ಬಂದೆ. ಜಾಹೀರಾತಿನ ಮೇಲೆ ನಡೆಯುವ ಐಟಿವಿಯಲ್ಲಿ 1965ರಿಂದ 1985ರವರೆಗೆ ಶನಿವಾರ ‘ವರ್ಲ್ಡ್ ಆಫ್ ಸ್ಪೋರ್ಟ್’ ಬರುತ್ತಿತ್ತು. ಕುಸ್ತಿ, ಮರದ ದಿಮ್ಮಿ ಮೇಲೆ ನಿಂತು ಉರುಳಿಸುವ ಆಟ, ಏನೇನೋ. ದೊಡ್ಡ ಪಂದ್ಯಗಳೆಲ್ಲ ಬಿಬಿಸಿಯ ಕೈಯಲ್ಲಿದ್ದವು. ಉಳಿದಿದ್ದನ್ನು ಇವರು ಆರಿಸಿಕೊಂಡರು. ಅಂದರೆ ವೈವಿಧ್ಯಕ್ಕೆ ಲೈಸೆನ್ಸ್ ಬೇಕಾಗಿಲ್ಲ, ಪೈಪೋಟಿ ಸಾಕು. ಉತ್ತರ ಕೊಡು.

ಅಕ್ಕ: ಮಾವ ಹೋಮ್‌ವರ್ಕ್ ಮಾಡಿದ್ದಾರೆ 👏

ನಾನು: ನಿಮಗೆ ಇನ್ನೂ ಗಟ್ಟಿ ಉದಾಹರಣೆ ನಾನೇ ಕೊಡುತ್ತೇನೆ. ಚಾನೆಲ್ 4. ಲೈಸೆನ್ಸ್ ದುಡ್ಡು ಅದಕ್ಕೆ ಇಲ್ಲ, ಜಾಹೀರಾತಿನ ಮೇಲೆ ನಡೆಯುತ್ತದೆ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಅದು ತೋರಿಸಿದ್ದು ನೋಡಿ: ಅಮೆರಿಕನ್ ಫುಟ್‌ಬಾಲ್, ಟೂರ್ ಡಿ ಫ್ರಾನ್ಸ್, ಜಪಾನಿನ ಸುಮೋ, 1992ರಿಂದ ಇಟಲಿಯ ಫುಟ್‌ಬಾಲ್. ಮತ್ತೆ ನಮ್ಮ ಕಬಡ್ಡಿ.

ಚಿಕ್ಕಮ್ಮ: ಕಬಡ್ಡಿ ಇಂಗ್ಲೆಂಡಿನ ಟಿವಿಯಲ್ಲಾ!

ನಾನು: ಹೌದು, ಇಲ್ಲಿ ಪ್ರೊ ಕಬಡ್ಡಿ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ.

ಮಾವ: ನನ್ನ ಮಾತನ್ನೇ ಹೇಳುತ್ತಿದ್ದೀಯ!

ನಾನು: ಅರ್ಧ ಮಾತ್ರ. ಚಾನೆಲ್ 4ರ ಒಡೆಯ ಸರ್ಕಾರ, ಷೇರುದಾರರು ಯಾರೂ ಇಲ್ಲ. ಬೇರೆಯವರು ತೋರಿಸದ್ದನ್ನು ತೋರಿಸಬೇಕು ಎಂದು ಕಾನೂನಿನಲ್ಲೇ ಬರೆದು 1982ರಲ್ಲಿ ಶುರು ಮಾಡಿದರು. ನಿಮ್ಮ ಐಟಿವಿಗೂ ಪರವಾನಗಿ ಕೊಡುವಾಗ ಸುದ್ದಿ, ಸಾಕ್ಷ್ಯಚಿತ್ರ ಇಷ್ಟು ಇರಬೇಕು ಎಂಬ ಷರತ್ತು ಹಾಕುತ್ತಿದ್ದರು. ದುಡ್ಡು ಲೈಸೆನ್ಸಿನದ್ದೋ ಸೋಪಿನ ಜಾಹೀರಾತಿನದ್ದೋ, ಅದು ಎರಡನೇ ಮಾತು. ಬರೀ ಮಾರುಕಟ್ಟೆಗೆ ಬಿಟ್ಟಿದ್ದರೆ ಸುಮೋ ಬರುತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಆಟವನ್ನು ಯಾರು ಕೇಳುತ್ತಾರೆ?

ಮಾವ: ಈಗ ಯೂಟ್ಯೂಬ್ ಇದೆ. ಕಂಬಳ ಬೇಕಾ, ಕಂಬಳ. ಕುರಿನಾಯಿ ಬೇಕಾ, ಕುರಿನಾಯಿ. ಯಾರೂ ಆಯ್ದು ಕೊಡಬೇಕಾಗಿಲ್ಲ.

ತಂಗಿ: ಅಲ್ಲಿ ಸಿಗುವುದು ನಾವು ಹುಡುಕಿದ್ದು ಮಾತ್ರ ಮಾವ. ನಿಮ್ಮ ಯೂಟ್ಯೂಬ್ ನೋಡಿದ್ದೇನೆ. ರಾಜಕೀಯ, ರಾಜಕೀಯ, ಮಂಡಿ ನೋವಿಗೆ ಮನೆಮದ್ದು, ರಾಜಕೀಯ.

ಅತ್ತೆ: 😂😂😂

ತಂಗಿ: ಬಿಬಿಸಿಯಲ್ಲಿ ‘ದಿ ಸ್ಕೈ ಅಟ್ ನೈಟ್’ ಅಂತ ಒಂದು ಕಾರ್ಯಕ್ರಮ. ತಿಂಗಳಿಗೊಮ್ಮೆ, ಬರೀ ಆಕಾಶದ ಬಗ್ಗೆ. 1957ರ ಏಪ್ರಿಲ್‌ನಲ್ಲಿ ಶುರು, ಅಂದರೆ ಸ್ಪುಟ್ನಿಕ್ ಹಾರುವ ಮೊದಲೇ. ಪ್ಯಾಟ್ರಿಕ್ ಮೂರ್ ಎಂಬವರು 2012ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ತಪ್ಪಿಸಿದ್ದು ಒಂದೇ ಕಂತು, 2004ರಲ್ಲಿ, ಅದೂ ಬಾತುಕೋಳಿ ಜಾತಿಯದ್ದೊಂದು ಮೊಟ್ಟೆ ತಿಂದು ಹೊಟ್ಟೆ ಕೆಟ್ಟು. ಇಂಥ ಕಾರ್ಯಕ್ರಮಕ್ಕೆ ಯಾವ ಜಾಹೀರಾತಿನವನು ಐವತ್ತು ವರ್ಷ ಕಾಯುತ್ತಾನೆ?

ಮಾವ: ಪ್ರಾಣಿಗಳ ಕಾರ್ಯಕ್ರಮಕ್ಕೆ ಕಾಯುತ್ತಾನೆ. ಬಿಬಿಸಿಯ ‘ಪ್ಲಾನೆಟ್ ಅರ್ಥ್’ಗೆ ಅಮೆರಿಕದ ಡಿಸ್ಕವರಿ, ಜಪಾನಿನ ಎನ್‌ಎಚ್‌ಕೆ ದುಡ್ಡು ಹಾಕಿದ್ದವು. ಇನ್ನೊಂದು: 2011ರ ‘ಫ್ರೋಜನ್ ಪ್ಲಾನೆಟ್’ನಲ್ಲಿ ಹಿಮಕರಡಿ ಮರಿಗಳನ್ನು ತೋರಿಸಿದ್ದರಲ್ಲ, ಅದನ್ನು ಶೂಟ್ ಮಾಡಿದ್ದು ಪ್ರಾಣಿಸಂಗ್ರಹಾಲಯದಲ್ಲಿ. ದೊಡ್ಡ ಗಲಾಟೆಯಾಯಿತು.

ತಂಗಿ: ಗಲಾಟೆ ಆಗಿದ್ದು ನಿಜ. ಕಾಡಿನ ಗುಹೆಗೆ ಕ್ಯಾಮೆರಾ ಇಟ್ಟರೆ ತಾಯಿ ಮರಿಗಳನ್ನು ಬಿಟ್ಟು ಹೋಗಬಹುದು, ಅದಕ್ಕೆ ಹಾಗೆ ಮಾಡಿದೆವು ಎಂದರು. ಕಾರ್ಯಕ್ರಮದೊಳಗೇ ಹೇಳಬೇಕಿತ್ತು ಎಂದು ನನಗೂ ಅನಿಸುತ್ತದೆ. ಆದರೆ ಡಿಸ್ಕವರಿ ದುಡ್ಡು ಹಾಕಿದ್ದು ಯಾರನ್ನು ನಂಬಿ? 1957ರಿಂದ ಬ್ರಿಸ್ಟಲ್‌ನಲ್ಲಿ ಬಿಬಿಸಿಯ ಒಂದು ಇಡೀ ವಿಭಾಗ ಬರೀ ಇದೇ ಕೆಲಸ ಮಾಡುತ್ತಿದೆ. ಒಂದು ಪ್ರಾಣಿಗಾಗಿ ತಿಂಗಳುಗಟ್ಟಲೆ ಕಾಯುವ ಕ್ಯಾಮೆರಾಮನ್‌ಗಳು ಒಂದು ದಿನದಲ್ಲಿ ತಯಾರಾಗಲಿಲ್ಲ.

ಅತ್ತೆ: ನನಗೆ ಆ ರೈಲಿನಲ್ಲಿ ಹೋಗುವವನ ಕಾರ್ಯಕ್ರಮ ಇಷ್ಟ. ಹಳೇ ಗೈಡ್ ಪುಸ್ತಕ ಹಿಡಿದು, ಗಿಣಿ ಬಣ್ಣದ ಕೋಟು ಹಾಕಿಕೊಂಡು. ಮೈಸೂರಿಗೂ ಬಂದಿದ್ದನಲ್ಲ?

ಅಕ್ಕ: ಮೈಕೆಲ್ ಪೋರ್ಟಿಲೊ! 2018ರ ಇಂಡಿಯಾ ಸರಣಿಯಲ್ಲಿ ಮೈಸೂರಿನಿಂದ ಚೆನ್ನೈಗೆ ಹೋಗುತ್ತಾರೆ. ಒಂದು ಕಾಲದಲ್ಲಿ ರಕ್ಷಣಾ ಸಚಿವರಾಗಿದ್ದವರು ಅತ್ತೆ.

ಅತ್ತೆ: ನಮ್ಮ ಮಂತ್ರಿಗಳೂ ಸೋತ ಮೇಲೆ ರೈಲು ಹತ್ತಿದರೆ ಚೆನ್ನಾಗಿತ್ತು. ಇವರೂ ನನ್ನ ಪಕ್ಕ ಕೂತು ಪೂರ್ತಿ ನೋಡಿದ್ದಾರೆ, ಕೇಳಬೇಡಿ.

ಮಾವ: ಬಿಟ್ಟಿ ಸಿಕ್ಕರೆ ನೋಡುತ್ತೇನೆ. ದುಡ್ಡು ಕೇಳಿದರೆ ಇಲ್ಲ. ಸರಿ, ಸಾಕ್ಷ್ಯಚಿತ್ರ ನಿಮಗೇ ಬಿಟ್ಟೆ. ಕ್ರೀಡೆಗೆ ಬನ್ನಿ. ಅಲ್ಲಿ ಕ್ರಿಕೆಟ್ ಎಲ್ಲಿದೆ?

ಚಿಕ್ಕಪ್ಪ: ಇದು ಸರಿಯಾದ ಪೆಟ್ಟು.

ಅಕ್ಕ: ಕ್ರಿಕೆಟ್ ಹೋಯಿತು. ನನಗೂ ಬೇಜಾರು ಇರುವುದು ಅದೇ. ಬಿಬಿಸಿಯಿಂದ ಟೆಸ್ಟ್ ಪಂದ್ಯಗಳು 1999ರಲ್ಲಿ ಚಾನೆಲ್ 4ಕ್ಕೆ ಹೋದವು. 2005ರ ಆಷಸ್ ಅಲ್ಲೇ ಬಂತು, ಇಡೀ ದೇಶ ಹುಚ್ಚೆದ್ದು ನೋಡಿತು. ಮರುವರ್ಷದಿಂದ ಎಲ್ಲ ಸ್ಕೈ. ತಿಂಗಳ ಚಂದಾ ಕಟ್ಟಬೇಕು. ಚೆನ್ನಾಗಿ ತೋರಿಸುತ್ತಾರೆ, ಸುಳ್ಳು ಹೇಳಲ್ಲ. ಕ್ರಿಕೆಟ್ ಮಂಡಳಿಗೂ ಜಾಸ್ತಿ ದುಡ್ಡು ಬಂತು. ಆದರೆ ನನ್ನ ಮಗನ ಕ್ಲಾಸಿನ ಇಂಗ್ಲಿಷ್ ಹುಡುಗರಿಗೆ ಫುಟ್‌ಬಾಲ್ ಆಟಗಾರರ ಹೆಸರೆಲ್ಲ ಗೊತ್ತು, ಕ್ರಿಕೆಟ್‌ನವರು ಬೆನ್ ಸ್ಟೋಕ್ಸ್ ಒಬ್ಬರೇ ಗೊತ್ತು.

ದೊಡ್ಡಪ್ಪ: 1971ರ ಓವಲ್ ಟೆಸ್ಟ್. ನಮ್ಮ ಚಂದ್ರಶೇಖರ್ 38 ರನ್ನಿಗೆ 6. ಗಣೇಶ ಚತುರ್ಥಿ ಎಂದು ಮೈದಾನಕ್ಕೆ ಆನೆ ಬೇರೆ ಕರೆತಂದಿದ್ದರು. ಇಂಗ್ಲೆಂಡಿನವರು ಅದನ್ನು ಬಿಬಿಸಿಯಲ್ಲಿ ಬಿಟ್ಟಿ ನೋಡಿದರು. ನಾವು ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದೆವು.

ಮಾವ: ಬಿಟ್ಟಿ ಅಲ್ಲ ಅಣ್ಣ, ಲೈಸೆನ್ಸ್ ಕಟ್ಟಿ.

ದೊಡ್ಡಪ್ಪ: ನಾವೂ ಲೈಸೆನ್ಸ್ ಕಟ್ಟಿಯೇ ರೇಡಿಯೋ ಕೇಳಿದ್ದು. ಆನೆ ಕಾಣಲಿಲ್ಲ.

ಚಿಕ್ಕಪ್ಪ: ಅಲ್ಲಿ ಒಂದು ಪಟ್ಟಿ ಇದೆ ಅಲ್ವಾ? ಇಂಥ ಪಂದ್ಯ ಎಲ್ಲರಿಗೂ ಸಿಗಬೇಕು ಎಂದು?

ನಾನು: ಇದೆ. 1996ರ ಕಾಯ್ದೆ ಪ್ರಕಾರ ಎ ಗುಂಪು, ಬಿ ಗುಂಪು. ಎ ಗುಂಪಿನವು ಉಚಿತ ಚಾನೆಲ್‌ನಲ್ಲಿ ಲೈವ್ ಸಿಗಬೇಕು: ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ವಿಂಬಲ್ಡನ್ ಫೈನಲ್, ಗ್ರ್ಯಾಂಡ್ ನ್ಯಾಷನಲ್ ಕುದುರೆ ಓಟ. ಬಿ ಗುಂಪಿಗೆ ಹೈಲೈಟ್ಸ್ ಸಾಕು. ತವರಿನ ಟೆಸ್ಟ್ ಕ್ರಿಕೆಟ್ಟನ್ನು 1998ರಲ್ಲಿ ಎಯಿಂದ ಬಿಗೆ ಇಳಿಸಿದರು. ಅಲ್ಲೇ ಬಾಗಿಲು ತೆರೆದಿದ್ದು.

ಚಿಕ್ಕಪ್ಪ: ನಮ್ಮಲ್ಲಿ 2007ರ ಕಾನೂನು ಇನ್ನೂ ಗಟ್ಟಿ. ರಾಷ್ಟ್ರೀಯ ಮಹತ್ವದ ಪಂದ್ಯವಾದರೆ ಖಾಸಗಿ ಚಾನೆಲ್ ತನ್ನ ಸಿಗ್ನಲ್ಲನ್ನೇ ಪ್ರಸಾರ ಭಾರತಿಗೆ ಕೊಡಬೇಕು. ಅದಕ್ಕೇ ವಿಶ್ವಕಪ್‌ನ ಇಂಡಿಯಾ ಪಂದ್ಯ ಡಿಡಿಯಲ್ಲಿ ಬರುವುದು.

ಮಾವ: ನೋಡಿದಿರಾ? ಲೈಸೆನ್ಸ್ ಇಲ್ಲದೆ ನಾವು ಕ್ರಿಕೆಟ್ ನೋಡುತ್ತೇವೆ, ಲೈಸೆನ್ಸ್ ಕಟ್ಟಿ ಅವರು ನೋಡಲ್ಲ! ಒಲಿಂಪಿಕ್ಸ್ ಕೂಡ ಅಷ್ಟೇ. ಲಂಡನ್ 2012ರಲ್ಲಿ ಬಿಬಿಸಿ ಒಟ್ಟಿಗೆ 24 ಲೈವ್ ಸ್ಟ್ರೀಮ್ ಕೊಟ್ಟಿತ್ತು. ಟೋಕಿಯೋ ಹೊತ್ತಿಗೆ ಎರಡು. ಯೂರೋಪಿನ ಹಕ್ಕು ಡಿಸ್ಕವರಿ ಕೊಂಡುಕೊಂಡಿತ್ತು. ಎಲೆ ತುಂಬ ಬಡಿಸುತ್ತೇವೆ ಎಂದವರು ಉಪ್ಪಿನಕಾಯಿ ಹಾಕಿ ಹೋದರು, ಊಟದ ದುಡ್ಡು ಮಾತ್ರ ಪೂರ್ತಿ.

ನಾನು: ಕ್ರೀಡೆಯ ವಿಷಯದಲ್ಲಿ ನೀವು ಹೇಳುವುದು ಸರಿ. ಹಕ್ಕಿನ ಬೆಲೆ ಏರಿದ ಮೇಲೆ ವೈವಿಧ್ಯ ಕರಗಿತು. ಬಿಬಿಸಿಯಲ್ಲಿ ‘ಗ್ರ್ಯಾಂಡ್‌ಸ್ಟ್ಯಾಂಡ್’ ಅಂತ ಕಾರ್ಯಕ್ರಮ ಇತ್ತು, 1958ರಿಂದ. ಶನಿವಾರ ಮಧ್ಯಾಹ್ನ ಪೂರ್ತಿ, ಕುದುರೆ ಓಟದಿಂದ ರಗ್ಬಿಗೆ, ಅಲ್ಲಿಂದ ಈಜಿಗೆ, ಸಂಜೆಗೆ ಫುಟ್‌ಬಾಲ್ ಫಲಿತಾಂಶ. ಕುದುರೆ ನೋಡಲು ಕೂತವನಿಗೆ ಈಜು ಗಂಟುಬೀಳುತ್ತಿತ್ತು. 2007ರಲ್ಲಿ ನಿಲ್ಲಿಸಿದರು. ನಿಮ್ಮ ಕುರಿನಾಯಿ ಸರಣಿ 1999ರಲ್ಲೇ ನಿಂತಿತ್ತು, ಆಮೇಲೆ ವರ್ಷಕ್ಕೊಮ್ಮೆ ವಿಶೇಷ ಮಾತ್ರ. ಫಾರ್ವರ್ಡ್ ಬರೆದವನು ಬೈದಿರುವುದು ಹೆಚ್ಚುಕಮ್ಮಿ ಇಲ್ಲದಿರುವುದನ್ನು.

ಮಾವ: ಹಾಗಾದರೆ ದುಡ್ಡು ಯಾಕೆ?!

ಅಕ್ಕ: ಅಲ್ಲೂ ಅದೇ ಚರ್ಚೆ ಮಾವ. ಬಿಬಿಸಿ ಹೇಗೆ ನಡೆಯಬೇಕು ಎಂದು ಹೇಳುವ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಲೈಸೆನ್ಸ್ ಕಟ್ಟುವ ಮನೆಗಳೂ ಕಡಿಮೆಯಾಗುತ್ತಿವೆ.

ಮಾವ: ಜಾಹೀರಾತು ಹಾಕಲಿ.

ನಾನು: ಹಾಕಿದರೆ ಮೊದಲು ಪೆಟ್ಟು ಬೀಳುವುದು ಚಾನೆಲ್ 4ಕ್ಕೆ, ಐಟಿವಿಗೆ. ಇರುವ ಜಾಹೀರಾತಿನ ದುಡ್ಡನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಅದಕ್ಕೇ ಅವರೂ ಬಿಬಿಸಿಗೆ ಜಾಹೀರಾತು ಬೇಡ ಎನ್ನುತ್ತಾರೆ.

ಮಾವ: ಚಂದಾ ಮಾಡಲಿ. ಬೇಕಾದವನು ಕಟ್ಟಲಿ.

ಅಕ್ಕ: ಆಂಟೆನಾ ಇಟ್ಟು ನೋಡುವ ಫ್ರೀವ್ಯೂ ಟಿವಿಗಳಲ್ಲಿ ಒಬ್ಬರಿಗೆ ತೋರಿಸಿ ಇನ್ನೊಬ್ಬರಿಗೆ ನಿಲ್ಲಿಸುವ ವ್ಯವಸ್ಥೆಯೇ ಇಲ್ಲ. ನನ್ನ ಪಕ್ಕದ ಮನೆಯ ಅಜ್ಜಿ ಅದರಲ್ಲೇ ನೋಡುವುದು.

ಚಿಕ್ಕಪ್ಪ: ಜರ್ಮನಿ ಥರ ಮಾಡಬಹುದು. ಅಲ್ಲಿ ಪ್ರತಿ ಮನೆಗೂ ತಿಂಗಳಿಗೆ ಇಷ್ಟು ಯೂರೋ ಎಂದು ನಿಗದಿ. ಟಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್‌ಸ್ಪೆಕ್ಟರ್ ಬಂದು ಬಾಗಿಲು ತಟ್ಟುವ ಕಾಟ ಇಲ್ಲ.

ಮಾವ: ಟಿವಿ ಇಲ್ಲದವನೂ ಕಟ್ಟಬೇಕಾ?? ಇದು ಬ್ರಿಟನ್‌ಗಿಂತ ಅನ್ಯಾಯ! ತಡೀರಿ, ಇದರ ಮೇಲೂ ಒಂದು ಫಾರ್ವರ್ಡ್ ಇರಬೇಕು, ಹುಡುಕಿ ಹಾಕುತ್ತೇನೆ.