ಪದ ಬೇಕು: ‘ಡಿಸ್ಟ್ರಿಬ್ಯೂಟೆಡ್ ಟೆಸ್ಟಿಂಗ್’ (ತುರ್ತು)

ನಮಸ್ಕಾರ. ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಮಿನ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು. ಸ್ಟಾಕ್‌ಫಿಶ್‌ಗೆ 2013ರಿಂದ ‘ಫಿಶ್‌ಟೆಸ್ಟ್’ ಅನ್ನೋ ಏರ್ಪಾಡಿದೆ. ಯಾರೋ ಕೋಡಿನಲ್ಲಿ ಒಂದೆರಡು ಸಾಲು ಬದಲಾಯಿಸುತ್ತಾರೆ. ಸ್ವಯಂಸೇವಕರ ಕಂಪ್ಯೂಟರುಗಳು ಸರ್ವರಿನಿಂದ ಕೆಲಸ ತೆಗೆದುಕೊಂಡು, ಹೊಸ ಆವೃತ್ತಿಯನ್ನು ಹಳೆಯದರ ಎದುರು ಆಡಿಸಿ, ಸೋಲು-ಗೆಲುವಿನ ಲೆಕ್ಕ ವಾಪಸ್ ಕಳಿಸುತ್ತವೆ. ಇದಕ್ಕೆ ಏನನ್ನಲಿ? ‘ವಿತರಿತ ಪರೀಕ್ಷೆ’ ಅಂತ ಬರೆದು ಅಳಿಸಿದೆ. ‘ಹಂಚು ಪರೀಕ್ಷೆ’ ಅಂದರೆ ಚಾವಣಿಯ ಹಂಚು ಅಂತ ಓದುತ್ತಾರೆ, ಅಲ್ವಾ?

*

ಅಳಿಸಿದ್ದು ಸರಿ. ‘ವಿತರಿತ ಪರೀಕ್ಷೆ’ ಅಂದರೆ ಪ್ರಶ್ನೆಪತ್ರಿಕೆ ಹಂಚಿದ ಹಾಗೆ ಕೇಳುತ್ತದೆ. ‘ವಿಕೇಂದ್ರಿತ’ ಅಂತೂ ಬೇಡ, ನಡುವೆ ಸರ್ವರ್ ಕೂತಿದೆಯಲ್ಲ.

ಇಲ್ಲಿ ಹಂಚುವುದಕ್ಕಿಂತ ಕೂಡುವುದು ದೊಡ್ಡದು. ಫಿಶ್‌ಟೆಸ್ಟ್‌ನ ಮೊದಲ ಸುತ್ತಿನಲ್ಲಿ ಇಡೀ ಆಟಕ್ಕೆ ಒಂದೊಂದು ಕಡೆಗೂ ಯೋಚಿಸಲು 10 ಸೆಕೆಂಡು, ಮೇಲೆ ಪ್ರತಿ ನಡೆಗೆ 0.1 ಸೆಕೆಂಡು ಸೇರಿಕೆ. ಆಟಕ್ಕೆ ಅರ್ಧ ನಿಮಿಷ ಅಂತ ಹಿಡಿದರೂ 50,000 ಆಟ ಒಂದಾದ ಮೇಲೊಂದು ಆಡಿಸಲು 17 ದಿನ ಬೇಕು. ಸಣ್ಣ ಸುಧಾರಣೆ ನಿಜವೋ ಅದೃಷ್ಟವೋ ಅಂತ ತಿಳಿಯಲು ಅಷ್ಟೊಂದು ಆಟ ಬೇಕಾಗುತ್ತದೆ. ಅದಕ್ಕೇ ಹತ್ತಾರು ಜನ ಕೈ ಕೂಡಿಸುವುದು.

ನನ್ನ ಪದ ‘ಕೂಡೊರೆ’. ಕೂಡು + ಒರೆ, ಕೂಡುಕುಟುಂಬದ ಕೂಡು. ಚಿನ್ನವನ್ನು ಒರೆಗೆ ಹಚ್ಚುವಾಗ ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲೇ ಹೊಸದರ ಗೆರೆ ಎಳೆದು ಹೋಲಿಸುತ್ತಾರೆ. ಫಿಶ್‌ಟೆಸ್ಟ್ ಮಾಡುವುದೂ ಅದನ್ನೇ. ‘ಪರೀಕ್ಷೆ’ಯಲ್ಲಿ ಬರೀ ಸುತ್ತ ನೋಡುವುದಿದೆ, ಹೋಲಿಕೆ ಇಲ್ಲ.

*

ಕೂಡೊರೆ ಯಾರಿಗೂ ಅರ್ಥವಾಗುವುದಿಲ್ಲ. ಒರೆ ಅಂದರೆ ಕತ್ತಿಯ ಒರೆ. ‘ಟೆಸ್ಟಿಂಗ್’ ಅಂತಲೇ ಬಿಡಿ. ಕಂಪ್ಯೂಟರ್, ಸರ್ವರ್, ಕೋಡ್ ಎಲ್ಲ ಬಂದಾಗಿದೆ. ಇದೊಂದಕ್ಕೆ ಮಾತ್ರ ಮಡಿ ಯಾಕೆ?

*

ಮಡಿಯ ಮಾತಲ್ಲ. ಸರ್ವರ್‌ಗೆ ಪದ ಹುಡುಕಿ ಅಂತ ನಾನು ಹೇಳಿದೆನೇ? ವಸ್ತುವಿನ ಹೆಸರು ವಸ್ತುವಿನ ಜೊತೆಗೇ ಬರಲಿ. ಆದರೆ ‘ಒರೆಗೆ ಹಚ್ಚು’ ಜನರ ಬಾಯಲ್ಲಿ ಇವತ್ತಿಗೂ ಇದೆ. ಇರುವುದನ್ನು ಬಿಟ್ಟು ಸಾಲ ತರುವುದು ನನಗೆ ಒಪ್ಪಿಗೆಯಿಲ್ಲ. ಆಟದ ಲೇಖನದಲ್ಲಿ ‘ಟೆಸ್ಟ್’ ಅಂದರೆ ಐದು ದಿನದ ಕ್ರಿಕೆಟ್ಟೇ ನೆನಪಾಗುವುದು.

ಇನ್ನೊಂದು, ಕೇಳಿದವರಿಗೆ. ‘ಸ್ಪೇರ್ ಕಂಪ್ಯೂಟರ್’ ಬಂದರೆ ಸುಮ್ನೆ ‘ಹೆಚ್ಚುವರಿ’ ಅಂತ ಹಾಕಬೇಡಿ. ಹೆಚ್ಚಿನವರ ಹತ್ತಿರ ಎರಡನೇ ಯಂತ್ರ ಇರುವುದಿಲ್ಲ. ಇರುವುದೊಂದೇ, ಅದಕ್ಕೆ ರಾತ್ರಿ ಬಿಡುವು. ‘ಬಿಡುವಿನ ಕಂಪ್ಯೂಟರ್’ ಅನ್ನಿ.

*

ಇಬ್ಬರಿಗೂ ವಂದನೆ. ಮೊದಲ ಸಲ ‘ಹಲವರ ಬಿಡುವಿನ ಕಂಪ್ಯೂಟರುಗಳಲ್ಲಿ ಕೂಡಿ ಒರೆಗೆ ಹಚ್ಚುವುದು’ ಅಂತ ಬಿಡಿಸಿ ಬರೆದು, ಆಮೇಲೆ ‘ಕೂಡೊರೆ’ ಬಳಸಿದ್ದೇನೆ. ತಲೆಬರಹಕ್ಕೆ ಮಾತ್ರ ‘ಫಿಶ್‌ಟೆಸ್ಟ್’ ಉಳಿಯಿತು.